ಎಳೆತ ಕಮ್ಮಿಯಾದ ಟ್ರ್ಯಾಕ್ಟರ್, ಏರು ಹತ್ತದ ಲಾರಿ: ಪಂಪಿನ ಸ್ಕ್ರೂ ತಿರುಗಿಸುವ ಮೊದಲು

ಪ್ರಶ್ನೆ: ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ ಮೂರು ಸಿಲಿಂಡರಿನ ಟ್ರ್ಯಾಕ್ಟರ್ ಇದೆ. ಡೀಸೆಲ್ ಪಂಪು ಇನ್‌ಲೈನ್, ಅಂದರೆ ಪ್ರತಿ ಸಿಲಿಂಡರಿಗೂ ಒಂದೊಂದು ಎಲಿಮೆಂಟ್ ಇರುವ ಮೆಕ್ಯಾನಿಕಲ್ ಪಂಪು. ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಟರ್ಬೊ ಇಲ್ಲ. ಮೊದಲು ರೋಟವೇಟರನ್ನು ಸಲೀಸಾಗಿ ಓಡಿಸುತ್ತಿತ್ತು. ಈಗ ಲೋಡ್ ಬಿದ್ದ ಕೂಡಲೇ ಆರ್‌ಪಿಎಂ ಬೀಳುತ್ತದೆ, ಕಪ್ಪು ಹೊಗೆ ಬರುತ್ತದೆ. ಇದರ ಜೊತೆ ಒಂದು ಕಾಮನ್ ರೇಲ್ ಲಾರಿಯೂ ಇದೆ (ಎಲ್ಲಾ ಇಂಜೆಕ್ಟರಿಗೂ ರೇಲ್ ಎಂಬ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್, ಹತೋಟಿ ಕಂಪ್ಯೂಟರಿನದು). ಅದರಲ್ಲಿ ಹೊಗೆ ಇಲ್ಲ, ಡ್ಯಾಶ್‌ಬೋರ್ಡಿನಲ್ಲಿ ಯಾವ ಲೈಟೂ ಉರಿಯುವುದಿಲ್ಲ. ಆದರೆ ಅದೇ ಏರಿನಲ್ಲಿ, ಅದೇ ಲೋಡಿನಲ್ಲಿ ಮೊದಲಿಗಿಂತ ಒಂದು ಗೇರ್ ಕೆಳಗೆ ಹಾಕಬೇಕಾಗಿದೆ. ಟ್ರ್ಯಾಕ್ಟರಿಗೆ ಪಂಪಿನ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಸಾಕು, ಲಾರಿಗೆ ಪವರ್ ಏರಿಸುವ ಟ್ಯೂನಿಂಗ್ ಬಾಕ್ಸ್ ಹಾಕಿಸಿ ಎಂದು ಗೊತ್ತಿರುವವರು ಹೇಳುತ್ತಾರೆ. ಮಾಡಿಸಬಹುದಾ? ಎಂಜಿನ್‌ಗೆ ತೊಂದರೆ ಆಗುತ್ತಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಎರಡು ಗಾಡಿಗಳಿಗೂ ಮೊದಲು ಎಳೆತ ಇತ್ತು, ಈಗ ಹೋಗಿದೆ. ಹೋದ ಎಳೆತವನ್ನು ಹುಡುಕಿ ವಾಪಸ್ ತರುವುದು ರಿಪೇರಿ ಕೆಲಸ. ಕಂಪನಿ ಕೊಟ್ಟದ್ದಕ್ಕಿಂತ ಜಾಸ್ತಿ ತೆಗೆಯುವುದು ಟ್ಯೂನಿಂಗ್. ಮೊದಲನೆಯದನ್ನು ಮುಗಿಸದೆ ಎರಡನೆಯದಕ್ಕೆ ಕೈ ಹಾಕಿದರೆ ತೊಂದರೆ ಅಡಗಿಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ.

ಟ್ರ್ಯಾಕ್ಟರಿನ ವಿಷಯದಲ್ಲಂತೂ ಹೊಗೆಯೇ ಅರ್ಧ ಉತ್ತರ ಹೇಳಿಬಿಟ್ಟಿದೆ. ಕಪ್ಪು ಹೊಗೆ ಅಂದರೆ ಪೂರ್ತಿ ಉರಿಯದ ಡೀಸೆಲ್. ಒಳಗೆ ಹೋಗುತ್ತಿರುವ ಡೀಸೆಲನ್ನೇ ಅದು ಉರಿಸಲಾರದೆ ಹೊರಗೆ ಹಾಕುತ್ತಿದೆ. ಆ ಸ್ಥಿತಿಯಲ್ಲಿ ಸ್ಕ್ರೂ ತಿರುಗಿಸಿ ಇನ್ನಷ್ಟು ಡೀಸೆಲ್ ಕೊಡುವುದು ಮೂಗು ಕಟ್ಟಿದವನ ಬಾಯಿಗೆ ಇನ್ನೊಂದು ತುತ್ತು ತುರುಕಿದ ಹಾಗೆ.

ಲೆಕ್ಕ ನೋಡಿ. ಒಂದು ಕಿಲೋ ಡೀಸೆಲ್ ಉರಿಯಲು ಕನಿಷ್ಠ ಸುಮಾರು 14.5 ಕಿಲೋ ಗಾಳಿ ಬೇಕು. ಇದು ಪುಸ್ತಕದ ಲೆಕ್ಕ. ಎಂಜಿನ್ ಒಳಗೆ ಡೀಸೆಲ್ ಸಿಂಪಡಿಸಿ, ಗಾಳಿ ಜೊತೆ ಬೆರೆತು, ಹೊತ್ತಿಕೊಳ್ಳಲು ಸಿಗುವ ಸಮಯ ತೀರಾ ಕಮ್ಮಿ. 2000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬರಲು 30 ಮಿಲಿಸೆಕೆಂಡ್ ಸಾಕು. ಡೀಸೆಲ್ ಸಿಂಪಡಿಸುವ ಕೆಲಸ ಅದರಲ್ಲಿ ಎರಡು ಮಿಲಿಸೆಕೆಂಡಿನಷ್ಟರಲ್ಲಿ ಮುಗಿಯಬೇಕು. ಅಷ್ಟರಲ್ಲಿ ಸರಿಯಾಗಿ ಬೆರೆಯಲು ಗಾಳಿ ಧಾರಾಳವಾಗಿರಬೇಕು. ಹಾಗಾಗಿ ಹೊಗೆ ಬರದಂತೆ ಓಡಬೇಕಾದರೆ ಕಿಲೋ ಡೀಸೆಲ್‌ಗೆ 18-20 ಕಿಲೋ ಗಾಳಿ ಇರಬೇಕು.

ಮೂರು ಲೀಟರಿನ ಟರ್ಬೊ ಇಲ್ಲದ ಎಂಜಿನ್ 2000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 2600 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ತೂಕದಲ್ಲಿ ಮೂರು ಕಿಲೋ ಚಿಲ್ಲರೆ. ಅಷ್ಟು ಗಾಳಿಯಲ್ಲಿ ನಿಮಿಷಕ್ಕೆ 150 ಗ್ರಾಂ ಆಸುಪಾಸಿನ ಡೀಸೆಲ್ ಚೆನ್ನಾಗಿ ಉರಿಯುತ್ತದೆ. ಅದರಿಂದ ಐವತ್ತು ಚಿಲ್ಲರೆ ಹಾರ್ಸ್‌ಪವರ್ ಬರುತ್ತದೆ. ಗಾಳಿ ಕಮ್ಮಿಯಾದರೆ ಈ ಲೆಕ್ಕ ಪೂರ್ತಿ ಕೆಳಗೆ ಇಳಿಯುತ್ತದೆ. ಪಂಪು ಎಷ್ಟು ಡೀಸೆಲ್ ಕೊಟ್ಟರೂ ಅಷ್ಟೇ.

ಹೊಗೆಯ ಬಣ್ಣಕ್ಕಿಂತ ಅದು ಯಾವಾಗ ಬರುತ್ತದೆ ಅನ್ನುವುದನ್ನು ನೋಡಿ. ಟರ್ಬೊ ಇರುವ ಹಳೇ ಗಾಡಿಯಲ್ಲಿ ಜೋರಾಗಿ ರೇಸ್ ಕೊಟ್ಟಾಗ ಒಮ್ಮೆ ಕಪ್ಪು ಹೊಗೆ ಬಂದು ಕೂಡಲೇ ನಿಂತರೆ ತಲೆ ಕೆಡಿಸಿಕೊಳ್ಳಬೇಡಿ. ಟರ್ಬೊ ವೇಗ ಹಿಡಿಯುವವರೆಗೆ ಅದು ಇದ್ದದ್ದೇ. ಲೋಡ್ ಇರುವಷ್ಟು ಹೊತ್ತೂ ಬರುತ್ತಿದ್ದರೆ ಅದು ರೋಗ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬರುವ ಬಿಳಿ ಹೊಗೆ ಬಿಸಿಯಾದ ಮೇಲೆ ನಿಲ್ಲಬೇಕು. ನಿಲ್ಲದೆ ಕಣ್ಣು ಉರಿಸುತ್ತಿದ್ದರೆ ಯಾವುದೋ ಸಿಲಿಂಡರಿನಲ್ಲಿ ಡೀಸೆಲ್ ಹೊತ್ತಿಕೊಳ್ಳುತ್ತಿಲ್ಲ. ಬಿಳಿ ಹೊಗೆ ಬಿಟ್ಟೂಬಿಡದೆ ಬರುತ್ತಾ ರೇಡಿಯೇಟರಿನ ನೀರೂ ಕಮ್ಮಿಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ.

ಹೊಗೆಯೇ ಇಲ್ಲದೆ ಎಳೆತ ಹೋಗಿದ್ದರೆ? ನಿಮ್ಮ ಲಾರಿಯ ಕಥೆ ಇದು. ಹಳೇ ಮೆಕ್ಯಾನಿಕಲ್ ಪಂಪಿನ ಗಾಡಿಯಲ್ಲಿ ಇದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ: ಡೀಸೆಲ್ ಸಾಲುತ್ತಿಲ್ಲ. ಹೊಗೆ ಇದ್ದರೆ ಗಾಳಿ ಮತ್ತು ನಾಝಲ್ (ಡೀಸೆಲ್ ಸಿಂಪಡಿಸುವ ತುದಿ) ಕಡೆ ನೋಡಬೇಕು, ಹೊಗೆ ಇಲ್ಲದಿದ್ದರೆ ಟ್ಯಾಂಕಿನಿಂದ ಪಂಪಿನವರೆಗೆ ನೋಡಬೇಕು. ಇದಿಷ್ಟು ಗೊತ್ತಿದ್ದರೆ ಅರ್ಧ ದಿನದ ಕೆಲಸ ಉಳಿಯುತ್ತದೆ. ಕಂಪ್ಯೂಟರ್ ಇರುವ ಎಂಜಿನ್‌ಗಳಲ್ಲಿ ಮಾತ್ರ ಈ ಸೂತ್ರ ಸ್ವಲ್ಪ ಕೈಕೊಡುತ್ತದೆ. ಯಾಕೆ ಅಂತ ಲಾರಿಯ ಭಾಗದಲ್ಲಿ ಹೇಳುತ್ತೇನೆ.

ಟ್ರ್ಯಾಕ್ಟರಿನಿಂದ ಶುರು ಮಾಡೋಣ

ಮೊದಲ ಕೆಲಸ ಏರ್ ಕ್ಲೀನರ್. ಎಲ್ಲರೂ ಇದನ್ನೇ ಹೇಳುತ್ತಾರೆ, ನಿಜ. ಆದರೆ ಸರಿಯಾಗಿ ನೋಡುವವರು ಕಮ್ಮಿ. ಒಣ ಫಿಲ್ಟರ್ ಇದ್ದರೆ ಅದನ್ನು ಟೈರಿಗೆ ಬಡಿದು ಧೂಳು ಉದುರಿಸುವ ಅಭ್ಯಾಸ ಬಿಡಿ. ಬಡಿದಾಗ ಅಂಚಿನ ಸೀಲ್ ಸೊಟ್ಟಗಾಗುತ್ತದೆ, ಕಾಗದ ಸೀಳುತ್ತದೆ. ಗಾಳಿ ಹೊಡೆಯುವುದಾದರೆ ಒಳಗಿನಿಂದ ಹೊರಕ್ಕೆ, ಸುಮಾರು 2 ಬಾರ್ ಒಳಗಿನ ಒತ್ತಡದಲ್ಲಿ, ಸ್ವಲ್ಪ ದೂರದಿಂದ ಹೊಡೆಯಿರಿ. ಆಮೇಲೆ ಕತ್ತಲೆ ಕೋಣೆಯಲ್ಲಿ ಫಿಲ್ಟರ್ ಒಳಗೆ ಟಾರ್ಚ್ ಇಟ್ಟು ಸುತ್ತಲೂ ತಿರುಗಿಸಿ ನೋಡಿ. ಬೆಳಕು ಎಲ್ಲಾ ಕಡೆ ಮಂಕಾಗಿ ಸಮನಾಗಿ ಕಾಣಬೇಕು. ಎಲ್ಲಾದರೂ ಸೂಜಿಮೊನೆಯಷ್ಟು ಚುಕ್ಕಿ ಫಳಕ್ ಎಂದು ಹೊಳೆದರೆ ಆ ಫಿಲ್ಟರ್ ಕಸದ ಬುಟ್ಟಿಗೆ. ಒಳಗಿನ ಸಣ್ಣ ಸೇಫ್ಟಿ ಫಿಲ್ಟರನ್ನು ಸ್ವಚ್ಛ ಮಾಡಲು ಹೋಗಬೇಡಿ. ಅದು ಬದಲಿಸುವ ವಸ್ತು.

ಆಯಿಲ್ ಬಾತ್ ಏರ್ ಕ್ಲೀನರ್ ಇದ್ದರೆ ಕೆಳಗಿನ ಬಟ್ಟಲು ಬಿಚ್ಚಿ. ತಳದಲ್ಲಿ ಕೆಸರು ಗಟ್ಟಿಯಾಗಿದ್ದರೆ ಆಯಿಲ್ ಬದಲಿಸಿ. ಒಳಗೆ ಮಾಡಿರುವ ಗುರುತಿನವರೆಗೆ ಮಾತ್ರ ಹಾಕಿ. ಜಾಸ್ತಿ ಹಾಕಿದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸಲು ಶುರು ಮಾಡಬಹುದು. ಆಗ ಡೀಸೆಲ್ ಬಂದ್ ಮಾಡಿದರೂ ಎಂಜಿನ್ ನಿಲ್ಲದೆ ರೇಸ್ ಏರುತ್ತಲೇ ಹೋಗುತ್ತದೆ. ಬಟ್ಟಲಿನ ಮೇಲಿರುವ ತಂತಿ ಬಲೆಯನ್ನು ಡೀಸೆಲ್‌ನಲ್ಲಿ ತೊಳೆದು ಪೂರ್ತಿ ಸೋರಿಸಿ ಒಣಗಿಸಿ. ಇದನ್ನು ಹೆಚ್ಚಿನವರು ಮರೆಯುತ್ತಾರೆ.

ಈಗ ಫಿಲ್ಟರಿನಿಂದ ಎಂಜಿನ್‌ಗೆ ಹೋಗುವ ರಬ್ಬರ್ ಹೋಸ್. ಇದರಲ್ಲಿ ಎರಡು ತೊಂದರೆ ಇರುತ್ತದೆ. ಹಳೇ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಬಿಟ್ಟುಕೊಂಡು, ಎಂಜಿನ್ ಜೋರಾಗಿ ಎಳೆದಾಗ ಒಳಗೆ ಮುಚ್ಚಿಕೊಳ್ಳುತ್ತದೆ. ನಿಂತ ಗಾಡಿಯಲ್ಲಿ ಇದು ಕಾಣುವುದಿಲ್ಲ. ಒಬ್ಬರು ರೇಸ್ ಕೊಡಲಿ, ನೀವು ಹೋಸನ್ನು ನೋಡಿ. ಚಪ್ಪಟೆಯಾದರೆ ಬದಲಿಸಿ. ಆದರೆ ಒಳಪದರ ಮಾತ್ರ ಮುಚ್ಚಿಕೊಳ್ಳುತ್ತಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ಹಾಗಾಗಿ ಬಿಚ್ಚಿ ಒಳಗೆ ಬೆರಳು ಹಾಕಿ ನೋಡಿ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಫಿಲ್ಟರ್ ದಾಟಿದ ಮೇಲಿನ ಹೋಸಿನ ಒಳಗೆ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಮಣ್ಣಿನ ಬಣ್ಣ ಹತ್ತಿದರೆ ಎಲ್ಲೋ ಸಡಿಲ ಕ್ಲ್ಯಾಂಪಿನಿಂದ ಧೂಳು ಸೇರುತ್ತಿದೆ ಎಂದರ್ಥ. ಟ್ರ್ಯಾಕ್ಟರ್ ಕೆಲಸ ಮಾಡುವುದೇ ಧೂಳಿನಲ್ಲಿ. ಆ ಧೂಳು ಸಿಲಿಂಡರಿನ ಲೈನರನ್ನೂ ಪಿಸ್ಟನ್ನಿನ ರಿಂಗನ್ನೂ ಅರೆದುಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಟ್ರ್ಯಾಕ್ಟರ್ ಎಂಜಿನ್‌ಗಳು ಬೇಗ ಬೋರ್‌ಗೆ (ಸವೆದು, ಬಿಚ್ಚಿ ಸರಿಮಾಡುವ ಸ್ಥಿತಿಗೆ) ಬರಲು ದೊಡ್ಡ ಕಾರಣ ಇದೇ, ಓನರ್ ಕಣ್ಣಿಗೆ ಬೀಳದ ಒಂದು ಸಡಿಲ ಕ್ಲ್ಯಾಂಪ್.

ಗಾಳಿ ಒಳಗೆ ಬರುವ ದಾರಿಯಷ್ಟೇ ಹೊರಗೆ ಹೋಗುವ ದಾರಿಯೂ ಮುಖ್ಯ. ಸೈಲೆನ್ಸರ್ ಒಳಗೆ ಮಸಿ ಕಟ್ಟಿದ್ದರೆ, ಒಳಗಿನ ತಗಡು ಕಳಚಿ ಬಿದ್ದಿದ್ದರೆ ಎಂಜಿನ್ ಉಸಿರು ಬಿಡಲಾರದು.

ಆಮೇಲೆ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಗ್ಯಾಪ್. ಒಂದು ಫೀಲರ್ ಗೇಜ್, ಎರಡು ಸ್ಪ್ಯಾನರ್, ಒಂದು ಗಂಟೆಯ ಕೆಲಸ. ಗ್ಯಾಪ್ ಎಷ್ಟಿರಬೇಕು ಅನ್ನುವುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಅದನ್ನು ತಣ್ಣಗಿದ್ದಾಗ ಹಿಡಿಯಬೇಕಾ ಬಿಸಿಯಲ್ಲಿ ಹಿಡಿಯಬೇಕಾ ಅನ್ನುವುದೂ ಬೇರೆ. ಮ್ಯಾನ್ಯುಯಲ್ ನೋಡಿಯೇ ಮಾಡಿ. ಗ್ಯಾಪ್ ತೀರಾ ಕಮ್ಮಿ ಇದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರಿ ವಾಲ್ವ್ ಸುಡುತ್ತದೆ. ಜಾಸ್ತಿ ಇದ್ದರೆ ವಾಲ್ವ್ ತೆರೆಯಬೇಕಾದಷ್ಟು ತೆರೆಯುವುದಿಲ್ಲ. ಟಕ್ ಟಕ್ ಸದ್ದು ಮಾಡುವ ಟ್ಯಾಪೆಟ್‌ಗಿಂತ ಸದ್ದೇ ಮಾಡದ ಬಿಗಿ ಟ್ಯಾಪೆಟ್ ಅಪಾಯ.

ಇಷ್ಟು ಮಾಡಿದ ಮೇಲೂ ಹೊಗೆ ಇದ್ದರೆ ನಾಝಲ್. ಯಾವ ಸಿಲಿಂಡರ್ ಸೋಮಾರಿ ಅಂತ ತಿಳಿಯಲು ಮೆಕ್ಯಾನಿಕಲ್ ಪಂಪಿನ ಎಂಜಿನ್‌ನಲ್ಲಿ ಹಳೇ ಉಪಾಯ ಇದೆ. ಐಡಲ್‌ಗಿಂತ ಸ್ವಲ್ಪ ಮೇಲೆ ಓಡಿಸುತ್ತಾ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ ಸ್ವಲ್ಪ ಸಡಿಲಿಸಿ ಮತ್ತೆ ಬಿಗಿ ಮಾಡುವುದು. ಸಡಿಲಿಸಿದಾಗ ಎಂಜಿನ್ ತಡವರಿಸಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತು. ಏನೂ ವ್ಯತ್ಯಾಸ ಆಗದಿದ್ದರೆ ಅದೇ ಕಳ್ಳ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ, ನಟ್ ಮೇಲೆ ಬಟ್ಟೆ ಹಾಕಿಕೊಳ್ಳಿ. ಈ ಉಪಾಯವನ್ನು ನಿಮ್ಮ ಲಾರಿಯ ಮೇಲೆ ಯಾವ ಕಾರಣಕ್ಕೂ ಮಾಡಬೇಡಿ. ಕಾಮನ್ ರೇಲ್‌ನಲ್ಲಿ 1600 ಬಾರ್‌ಗೂ ಜಾಸ್ತಿ ಒತ್ತಡ ಇರುತ್ತದೆ. ಕೂದಲೆಳೆಯಷ್ಟು ಸಣ್ಣ ಧಾರೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವು ಇಲ್ಲದಿದ್ದರೂ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ ಡೀಸೆಲ್ ಒಳಗೆ ಹೊಕ್ಕಿದೆ ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ಮೆಕ್ಯಾನಿಕಲ್ ಪಂಪಿನಲ್ಲೂ ಈ ಅಪಾಯ ಇದ್ದೇ ಇದೆ. ಸೋರಿಕೆ ಹುಡುಕಲು ಕೈ ಹಿಡಿಯಬೇಡಿ, ರಟ್ಟಿನ ತುಂಡು ಹಿಡಿಯಿರಿ.

ನಾಝಲ್ ಬಿಚ್ಚಿ ಟೆಸ್ಟಿಂಗ್ ಮೆಷಿನ್‌ಗೆ ಹಾಕಿಸಿ, ನೀವೂ ಪಕ್ಕದಲ್ಲಿ ನಿಂತು ನೋಡಿ. ಹಳೇ ಟ್ರ್ಯಾಕ್ಟರ್‌ಗಳಲ್ಲಿ ತೆರೆಯುವ ಒತ್ತಡ ಹೆಚ್ಚಾಗಿ 180ರಿಂದ 250 ಬಾರ್ ನಡುವೆ ಇರುತ್ತದೆ. ಅದಕ್ಕಿಂತ ಕೆಳಗೆ ತೆರೆದರೆ ಸ್ಪ್ರಿಂಗ್ ಸೋತಿದೆ. ಎಲ್ಲಾ ರಂಧ್ರಗಳಿಂದ ಮಂಜಿನಂತೆ ಸಮನಾಗಿ ಬರಬೇಕು. ಒಂದು ಕಡೆ ಧಾರೆ, ಇನ್ನೊಂದು ಕಡೆ ಏನೂ ಇಲ್ಲ ಅಂದರೆ ಆಗದು. ಸಿಂಪಡಿಸಿ ನಿಂತ ಮೇಲೆ ತುದಿ ಒಣಗಿರಬೇಕು, ಹನಿ ಜಿನುಗಬಾರದು. ಹನಿ ಜಿನುಗುವ ನಾಝಲ್ ಪಿಸ್ಟನ್ ತಲೆಯನ್ನೇ ತೂತು ಮಾಡಿದ್ದನ್ನು ನೋಡಿದ್ದೇನೆ. ವಾಪಸ್ ಕೂರಿಸುವಾಗ ಹಳೇ ತಾಮ್ರದ ವಾಷರ್ ಒಳಗೇ ಅಂಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದರ ಮೇಲೆ ಇನ್ನೊಂದು ಹಾಕಿದರೆ ನಾಝಲ್ ಮೇಲಕ್ಕೆ ಕೂತು, ಡೀಸೆಲ್ ಬೀಳಬೇಕಾದ ಜಾಗಕ್ಕೆ ಬೀಳುವುದಿಲ್ಲ. ಹೊಸ ನಾಝಲ್ ಹಾಕಿದರೂ ಹೊಗೆ ಹೋಗಲಿಲ್ಲ ಅನ್ನುವವರಲ್ಲಿ ಕೆಲವರ ಸಮಸ್ಯೆ ಬರೀ ಒಂದು ವಾಷರ್.

ಪಂಪಿನ ಟೈಮಿಂಗ್ ತಾನಾಗಿ ಹಾಳಾಗುವುದು ಕಮ್ಮಿ. ಆದರೆ ಯಾರಾದರೂ ಪಂಪು ಬಿಚ್ಚಿ ಕೂರಿಸಿದ್ದರೆ ಒಂದು ಹಲ್ಲು ಆಚೀಚೆ ಆಗಿರಬಹುದು. ಡೀಸೆಲ್ ತಡವಾಗಿ ಬಿದ್ದರೆ ಎಳೆತ ಇರುವುದಿಲ್ಲ, ಎಕ್ಸಾಸ್ಟ್ ವಿಪರೀತ ಕಾಯುತ್ತದೆ. ಬೇಗ ಬಿದ್ದರೆ ಗಡಗಡ ಎಂದು ಬಡಿಯುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿ ಆದ್ದರಿಂದ ಇದನ್ನೂ ಒಮ್ಮೆ ನೋಡಿಸಿ.

ಕೊನೆಗೆ ಎಂಜಿನ್‌ನ ಆರೋಗ್ಯ. ಎಂಜಿನ್ ಬಿಸಿಯಾದ ಮೇಲೆ, ಐಡಲ್‌ನಲ್ಲಿ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ಮಗುಚಿ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಹಾರಿ ಬೀಳುವಷ್ಟು ಬ್ಯಾಕ್ ಕಂಪ್ರೆಷನ್ (ಸಿಲಿಂಡರಿನಿಂದ ಕೆಳಗೆ ಸೋರುವ ಒತ್ತಡ) ಇದ್ದರೆ, ಅದು ಹೊರಹೋಗುವ ಬ್ರೀದರ್ ಪೈಪಿನಿಂದ ಹೊಗೆ ದಬದಬ ಬರುತ್ತಿದ್ದರೆ ರಿಂಗ್, ಲೈನರ್ ಸವೆದಿವೆ. ಖಚಿತ ಮಾಡಿಕೊಳ್ಳಲು ಡೀಸೆಲ್ ಎಂಜಿನ್‌ಗೇ ಮಾಡಿದ ಕಂಪ್ರೆಷನ್ ಗೇಜ್ ಬೇಕು. ಪೆಟ್ರೋಲ್ ಗಾಡಿಯ ಗೇಜ್ ತಾಳುವುದಿಲ್ಲ. ಒಳ್ಳೆಯ ಎಂಜಿನ್ 25ರಿಂದ 30 ಬಾರ್ ಅಥವಾ ಇನ್ನೂ ಜಾಸ್ತಿ ತೋರಿಸುತ್ತದೆ. ಆ ಅಂಕಿಗಿಂತ ಮೂರೂ ಸಿಲಿಂಡರ್ ಒಂದಕ್ಕೊಂದು ಹತ್ತಿರ ಇವೆಯಾ ಅನ್ನುವುದು ಮುಖ್ಯ. ಇಲ್ಲಿ ಸೋತಿದ್ದರೆ ಯಾವ ಸ್ಕ್ರೂ ಕೂಡ ಸಹಾಯ ಮಾಡದು, ಎಂಜಿನ್ ಬಿಚ್ಚಲೇಬೇಕು.

ಅಂದ ಹಾಗೆ, ರೋಟವೇಟರಿನ ಬ್ಲೇಡ್ ಸವೆದಿವೆಯಾ, ಆಳ ಜಾಸ್ತಿ ಇಟ್ಟಿದ್ದೀರಾ, ಒಂದು ಗೇರ್ ಮೇಲೆ ಓಡಿಸುತ್ತಿದ್ದೀರಾ ಅಂತಲೂ ನೋಡಿಕೊಳ್ಳಿ. ಸುಮ್ನೆ ಎಂಜಿನ್ ಬಯ್ಯುವ ಮೊದಲು ಒಂದು ಗೇರ್ ಇಳಿಸಿ ನೋಡಿದರೆ ನಷ್ಟವಿಲ್ಲ. ನೇಗಿಲು ಎಳೆಯುವಾಗ ಮಾತ್ರ ಎಳೆತ ಕಮ್ಮಿ ಅನಿಸಿದರೆ, ಎಂಜಿನ್ ಆರ್‌ಪಿಎಂ ಬೀಳದಿದ್ದರೆ, ತೊಂದರೆ ಗಾಲಿಯಲ್ಲಿದೆ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಅದೇ ಹೊಲದಲ್ಲಿ ನೇಗಿಲು ಎತ್ತಿಕೊಂಡು ಹತ್ತು ಸುತ್ತಿಗೆ ಎಷ್ಟು ದೂರ ಹೋಗುತ್ತೆ ಅಳೆಯಿರಿ. ಆಮೇಲೆ ನೇಗಿಲು ಇಳಿಸಿ ಅಳೆಯಿರಿ. 45 ಮೀಟರ್ ಹೋಗುತ್ತಿದ್ದದ್ದು 39 ಆದರೆ ಸ್ಲಿಪ್ 13 ಪರ್ಸೆಂಟ್. 15ರವರೆಗೆ ಸರಿ. ಅದು ದಾಟಿದರೆ ತೂಕ ಹಾಕಿ, ಟೈರ್ ನೋಡಿ. ತಿರುಗುವ ಗಾಲಿಗೆ ಇನ್ನಷ್ಟು ಪವರ್ ಕೊಟ್ಟರೆ ಅದು ಇನ್ನಷ್ಟು ತಿರುಗುತ್ತದೆ, ಅಷ್ಟೇ.

ಇನ್ನು ಲಾರಿ

ಕಂಪ್ಯೂಟರ್ ಇರುವ ಎಂಜಿನ್ ಗಾಳಿಯನ್ನು ಅಳೆದು ಡೀಸೆಲ್ ಕೊಡುತ್ತದೆ. ಗಾಳಿ ಕಮ್ಮಿಯಾದರೆ ಡೀಸೆಲನ್ನೂ ಕಮ್ಮಿ ಮಾಡುತ್ತದೆ, ಹೊಗೆ ಬರಲು ಬಿಡುವುದಿಲ್ಲ. ಹಾಗಾಗಿ ಹೊಗೆ ಇಲ್ಲ ಅಂದಮಾತ್ರಕ್ಕೆ ಗಾಳಿ ಸರಿ ಇದೆ ಅನ್ನುವ ಹಾಗಿಲ್ಲ. ಲೈಟ್ ಉರಿಯದಿರುವುದೂ ಇದೇ ರೀತಿ. ಬೇಕಾದದ್ದಕ್ಕೂ ಸಿಗುತ್ತಿರುವುದಕ್ಕೂ ವ್ಯತ್ಯಾಸ ಒಂದು ಮಿತಿ ದಾಟಿ, ಸ್ವಲ್ಪ ಹೊತ್ತು ಹಾಗೇ ಇದ್ದರೆ ಮಾತ್ರ ಕಂಪ್ಯೂಟರ್ ದೂರು ಹೇಳುತ್ತದೆ. ಆ ಮಿತಿಯೊಳಗಿನ ಸಣ್ಣ ಸೋರಿಕೆಯನ್ನು ಅದು ಸಹಿಸಿಕೊಂಡು ಹೋಗುತ್ತದೆ. ನೀವು ಮಾತ್ರ ಒಂದು ಗೇರ್ ಇಳಿಸುತ್ತೀರಿ.

ಸ್ಕ್ಯಾನರ್ ಹಾಕಿ ಕೋಡ್ ಓದಿ, ಇಲ್ಲ ಅಂದು ಬಿಚ್ಚಿಡುವುದರಿಂದ ಉಪಯೋಗ ಇಲ್ಲ. ಸ್ಕ್ಯಾನರ್ ಹಾಕಿಕೊಂಡೇ ಲೋಡ್ ಇರುವ ಗಾಡಿಯನ್ನು ಅದೇ ಏರು ಹತ್ತಿಸಬೇಕು. ಪಕ್ಕದಲ್ಲಿ ಒಬ್ಬರು ಕೂತು ಎರಡು ಜೋಡಿ ಅಂಕಿಗಳನ್ನು ನೋಡಲಿ. ಒಂದು, ಕಂಪ್ಯೂಟರ್ ಕೇಳಿದ ರೇಲ್ ಒತ್ತಡ ಮತ್ತು ಸಿಕ್ಕಿದ ರೇಲ್ ಒತ್ತಡ. ಇನ್ನೊಂದು, ಕೇಳಿದ ಟರ್ಬೊ ಬೂಸ್ಟ್ (ಟರ್ಬೊ ಕಳಿಸುವ ಗಾಳಿಯ ಒತ್ತಡ) ಮತ್ತು ಸಿಕ್ಕಿದ ಬೂಸ್ಟ್. ಐಡಲ್‌ನಲ್ಲಿ ರೇಲ್ ಒತ್ತಡ 250-400 ಬಾರ್ ಇರುವಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪೂರ್ತಿ ಲೋಡಿನಲ್ಲಿ 1600 ಕೇಳಿದಾಗ 1250ಕ್ಕೆ ನಿಂತರೆ ಆಗ ರೋಗ ಹೊರಬೀಳುತ್ತದೆ. ಕೋಡ್ ಬಂದರೂ ಅದು ಲಕ್ಷಣ ಹೇಳುತ್ತದೆ, ಪಾರ್ಟಿನ ಹೆಸರು ಹೇಳುವುದಿಲ್ಲ. ಪಿ0087 ಅಂದರೆ ರೇಲ್ ಒತ್ತಡ ಕಮ್ಮಿ, ಪಿ0299 ಅಂದರೆ ಬೂಸ್ಟ್ ಕಮ್ಮಿ. ಮೊದಲನೆಯದು ಬಂತು ಅಂತ ಹೈ ಪ್ರೆಷರ್ ಪಂಪು ಬದಲಿಸಿ, ಆಮೇಲೆ ಡೀಸೆಲ್ ಫಿಲ್ಟರ್ ಕಟ್ಟಿತ್ತು ಅಂತ ಗೊತ್ತಾಗುವುದು ಹೊಸ ಸಂಗತಿಯಲ್ಲ.

ಬೂಸ್ಟ್ ಹಿಂದೆ ಬಿದ್ದಿದ್ದರೆ ಸಂತೋಷಪಡಿ, ಯಾಕೆಂದರೆ ಹೆಚ್ಚಿನ ಸಲ ಇದು ಅಗ್ಗದ ರಿಪೇರಿ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್‌ಗಳನ್ನು ನೋಡಿ. ಸೋರುವ ಕಡೆ ಆಯಿಲ್ ಪಸೆ, ಅದಕ್ಕೆ ಅಂಟಿದ ಧೂಳು ಇರುತ್ತದೆ. ಬಿರುಕು ಹೋಸಿನ ಕೆಳಭಾಗದಲ್ಲೇ ಇರುವುದು ಜಾಸ್ತಿ, ಕನ್ನಡಿ ಹಿಡಿದು ನೋಡಬೇಕು. ಸರಿಯಾದ ಪರೀಕ್ಷೆ ಅಂದರೆ ಎಂಜಿನ್ ಆಫ್ ಮಾಡಿ, ಟರ್ಬೊದ ಗಾಳಿ ಬಾಯಿಗೆ ಬಿರಡೆ ಕಟ್ಟಿ, ಸುಮಾರು 1 ಬಾರ್ ಗಾಳಿ ತುಂಬಿ, ಎಲ್ಲಾ ಜಾಯಿಂಟಿಗೂ ಸೋಪಿನ ನೀರು ಹಾಕುವುದು. ಬಿರಡೆಯ ಎದುರು ಯಾರೂ ನಿಲ್ಲಬಾರದು. ಸೋರಿಕೆ ಇಲ್ಲದಿದ್ದರೆ ಬೂಸ್ಟನ್ನು ಹತೋಟಿಯಲ್ಲಿಡುವ ವೇಸ್ಟ್‌ಗೇಟ್ ಅಥವಾ ವೇನ್ ತಿರುಗಿಸುವ ಆಕ್ಚುವೇಟರ್ ಸಿಕ್ಕಿಹಾಕಿಕೊಂಡಿದೆಯಾ, ಅದರ ಸಣ್ಣ ಪೈಪ್ ಒಡೆದಿದೆಯಾ ನೋಡಿ. ಎಕ್ಸಾಸ್ಟಿನ ಒಂದು ಪಾಲನ್ನು ವಾಪಸ್ ಎಂಜಿನ್‌ಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ತೆರೆದೇ ನಿಂತಿದ್ದರೂ ಇದೇ ಲಕ್ಷಣ. ಇಂಟರ್‌ಕೂಲರ್ ಮುಂದೆ ಕೆಸರು, ಹುಳ ತುಂಬಿಕೊಂಡಿದ್ದರೆ ತೊಳೆಯಿರಿ. ಬಿಸಿ ಗಾಳಿ ಹಗುರ, ಅದರಲ್ಲಿ ಉರಿಸುವ ಶಕ್ತಿ ಕಮ್ಮಿ. ಇದೆಲ್ಲಾ ನೋಡಿದ ಮೇಲೆ ಕೊನೆಯಲ್ಲಿ ಟರ್ಬೊ ಮೇಲೆ ಅನುಮಾನ ಪಡಿ.

ರೇಲ್ ಒತ್ತಡ ಹಿಂದೆ ಬಿದ್ದಿದ್ದರೆ ಟ್ಯಾಂಕಿನಿಂದ ಶುರು ಮಾಡಿ. ಟ್ಯಾಂಕ್ ಮುಚ್ಚಳ ತೆಗೆದಾಗ ಸೊಂಯ್ ಎಂದು ಗಾಳಿ ಒಳಗೆ ಎಳೆದುಕೊಂಡರೆ ಅದರ ಗಾಳಿ ರಂಧ್ರ ಕಟ್ಟಿದೆ. ವಾಟರ್ ಸೆಪರೇಟರಿನ ನೀರು ಇಳಿಸಿ. ಫಿಲ್ಟರ್ ಹೊಸದು ಹಾಕಿ. ಆದರೆ ಕ್ಯಾನಿನಿಂದ ಡೀಸೆಲ್ ಸುರಿದು ತುಂಬಿಸಿ ಕೂರಿಸಬೇಡಿ. ಹಳೇ ಗಾಡಿಗಳಲ್ಲಿ ನಡೆಯುತ್ತಿದ್ದ ಈ ಅಭ್ಯಾಸ ಇಲ್ಲಿ ದುಬಾರಿ. ಕಾಮನ್ ರೇಲ್ ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್. ನಮ್ಮ ಕೂದಲು ಸುಮಾರು 70 ಮೈಕ್ರಾನ್. ಕ್ಯಾನಿನ ತಳದ ಕಸ ಫಿಲ್ಟರಿನ ಶುದ್ಧ ಬದಿಗೆ ಬಿದ್ದರೆ ನೇರ ಇಂಜೆಕ್ಟರಿಗೆ. ಖಾಲಿ ಫಿಲ್ಟರ್ ಕೂರಿಸಿ ಪ್ರೈಮಿಂಗ್ ಪಂಪಿನಿಂದಲೇ ತುಂಬಿಸಿ. ಆಮೇಲೆ ಪಂಪಿಗೆ ಬರುವ ಪೈಪಿನ ಮಧ್ಯೆ ಒಂದು ಪಾರದರ್ಶಕ ಹೋಸ್ ತುಂಡು ಹಾಕಿ ಓಡಿಸಿ ನೋಡಿ. ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಹಿಂದೆ ಎಲ್ಲೋ ಏರ್ ಹಿಡಿಯುತ್ತಿದೆ.

ಅಲ್ಲಿಗೂ ಸರಿಹೋಗದಿದ್ದರೆ ಇಂಜೆಕ್ಟರ್ ರಿಟರ್ನ್ ಟೆಸ್ಟ್. ಪ್ರತಿ ಇಂಜೆಕ್ಟರಿನ ರಿಟರ್ನ್ ಪೈಪಿಗೆ ಒಂದೊಂದು ಗುರುತು ಹಾಕಿದ ಬಾಟಲಿ ಕಟ್ಟಿ, ಸ್ವಲ್ಪ ಹೊತ್ತು ಓಡಿಸಿ. ಬಾಟಲಿಗಳು ಹೆಚ್ಚುಕಮ್ಮಿ ಸಮನಾಗಿ ತುಂಬಬೇಕು. ಒಂದು ಬಾಟಲಿ ಉಳಿದವುಗಳಿಗಿಂತ ಎರಡರಷ್ಟು ತುಂಬಿದರೆ ಆ ಇಂಜೆಕ್ಟರ್ ರೇಲ್ ಒತ್ತಡವನ್ನು ಟ್ಯಾಂಕಿಗೆ ಚೆಲ್ಲುತ್ತಿದೆ. ಕಣ್ಣಿಗೆ ಕಾಣುವ ಇಷ್ಟು ಸ್ಪಷ್ಟ ಪರೀಕ್ಷೆ ಇನ್ನೊಂದಿಲ್ಲ. ಆದರೂ ಎಲ್ಲಾ ಇಂಜೆಕ್ಟರ್ ಬದಲಿಸಿ ಅಂತ ಹೇಳುವವರು ಇದನ್ನು ಮಾಡಿ ತೋರಿಸುವುದು ಅಪರೂಪ. ಕೇಳಿ ಮಾಡಿಸಿ.

ಎರಡೂ ಜೋಡಿ ಅಂಕಿ ಸರಿ ಇದ್ದು ಗಾಡಿ ಮಾತ್ರ ಎಳೆಯುತ್ತಿಲ್ಲವೇ? ಹಾಗಿದ್ದರೆ ಎಕ್ಸಾಸ್ಟ್ ಫಿಲ್ಟರ್ ಇರುವ ಗಾಡಿಯಾದರೆ ಅದರಲ್ಲಿ ಮಸಿ ಎಷ್ಟು ತುಂಬಿದೆ ಅಂತ ಸ್ಕ್ಯಾನರ್‌ನಲ್ಲೇ ನೋಡಿ. ಸಣ್ಣ ಸಣ್ಣ ಓಡಾಟ ಮಾತ್ರ ಇದ್ದರೆ ಅದು ಮಸಿ ಸುಡುವ ಸುಮಾರು 600 ಡಿಗ್ರಿ ಬಿಸಿಗೆ ಬರುವುದೇ ಇಲ್ಲ. ಆಮೇಲೆ ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ. ಒಂದಷ್ಟು ದೂರ ಓಡಿಸಿ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಪ್ರತಿ ಡ್ರಮ್ಮಿನ ಬಿಸಿ ಅಳೆಯಿರಿ. ಒಂದು ಗಾಲಿ ಮಾತ್ರ ಕುದಿಯುತ್ತಿದ್ದರೆ ಎಳೆತ ಅಲ್ಲಿ ಹೋಗುತ್ತಿದೆ. ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ ಅಂದರೆ ಕ್ಲಚ್.

ಎಲ್ಲಾ ಸರಿ ಇದ್ದ ಮೇಲೆ ಟ್ಯೂನಿಂಗ್ ಮಾಡಿಸಬಹುದಾ?

ಟ್ರ್ಯಾಕ್ಟರಿಗೆ, ನನ್ನ ಉತ್ತರ ಬೇಡ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಗಾಳಿ ಅಷ್ಟೇ ಇರುತ್ತದೆ, ಡೀಸೆಲ್ ಮಾತ್ರ ಏರುತ್ತದೆ. ಸ್ವಲ್ಪ ಎಳೆತ ಸಿಕ್ಕಂತೆ ಅನಿಸಿದರೂ ಹೊಗೆ, ಬಿಸಿ, ಡೀಸೆಲ್ ಖರ್ಚು ಅದಕ್ಕಿಂತ ಜಾಸ್ತಿ ಏರುತ್ತವೆ. ಇನ್ನು ಕೆಲವರು ಎಂಜಿನ್ ವೇಗಕ್ಕೆ ಮಿತಿ ಹಾಕುವ ಗವರ್ನರ್ ಸ್ಕ್ರೂ ತಿರುಗಿಸಿ ಮೇಲಿನ ಆರ್‌ಪಿಎಂ ಹೆಚ್ಚಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಕನೆಕ್ಟಿಂಗ್ ರಾಡಿನ ಮೇಲೆ ಬೀಳುವ ಜಗ್ಗಾಟ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಆರ್‌ಪಿಎಂ 10 ಪರ್ಸೆಂಟ್ ಏರಿಸಿದರೆ ಜಗ್ಗಾಟ 21 ಪರ್ಸೆಂಟ್ ಏರುತ್ತದೆ. ರಾಡ್ ತುಂಡಾಗಿ ಬ್ಲಾಕ್ ಒಡೆದುಕೊಂಡು ಹೊರಬಂದರೆ ರಿಪೇರಿ ಅನ್ನುವ ಮಾತೇ ಇಲ್ಲ.

ಲಾರಿಗೆ ಬಾಕ್ಸ್ ಬೇಡವೇ ಬೇಡ. ಅಗ್ಗದ ಬಾಕ್ಸ್‌ಗಳಲ್ಲಿ ಹೆಚ್ಚಿನವು ರೇಲ್ ಪ್ರೆಷರ್ ಸೆನ್ಸರಿನ ತಂತಿಯ ಮಧ್ಯೆ ಕೂತು ಕಂಪ್ಯೂಟರಿಗೆ ಸುಳ್ಳು ಹೇಳುತ್ತವೆ. ಒತ್ತಡ ಇರುವುದಕ್ಕಿಂತ ಕಮ್ಮಿ ಇದೆ ಅನ್ನುತ್ತವೆ. ಕಂಪ್ಯೂಟರ್ ಅದನ್ನು ನಂಬಿ ಒತ್ತಡ ಏರಿಸುತ್ತದೆ. ಪಂಪು, ಇಂಜೆಕ್ಟರ್ ಎರಡೂ ಮಿತಿ ದಾಟಿ ದುಡಿಯುತ್ತವೆ. ಅವುಗಳನ್ನು ಕಾಯಬೇಕಾದ ಕಂಪ್ಯೂಟರಿಗೆ ಮಾತ್ರ ಎಲ್ಲಾ ಸರಿಯಾಗಿ ಕಾಣುತ್ತಿರುತ್ತದೆ. ಕಂಪ್ಯೂಟರಿನ ಪ್ರೋಗ್ರಾಮನ್ನೇ ತಿಳಿದವರು ತಿದ್ದುವುದು ಇದಕ್ಕಿಂತ ಎಷ್ಟೋ ಮೇಲು, ಏಕೆಂದರೆ ಬೂಸ್ಟ್, ಹೊಗೆಯ ಮಿತಿ, ಟಾರ್ಕ್ ಮಿತಿ ಎಲ್ಲವನ್ನೂ ಒಟ್ಟಿಗೆ ನೋಡಬಹುದು. ಮಾಡಿಸುವುದೇ ಆದರೆ ಟರ್ಬೊಗಿಂತ ಮುಂಚೆ ಎಕ್ಸಾಸ್ಟ್ ಬಿಸಿ ತೋರಿಸುವ ಗೇಜ್ ಹಾಕಿಸಿ. ತುಂಬಿದ ಲೋಡಿನಲ್ಲಿ ಉದ್ದದ ಏರು ಹತ್ತುವಾಗ ಅದು 700 ಡಿಗ್ರಿ ಸೆಲ್ಸಿಯಸ್ ದಾಟಿ ನಿಂತರೆ ನಾನು ಕಾಲು ತೆಗೆಯುತ್ತೇನೆ. ಅಲ್ಯುಮಿನಿಯಂ ಕರಗುವುದೇ 660ಕ್ಕೆ. ಪಿಸ್ಟನ್ ಉಳಿಯುವುದು ಕೆಳಗಿನಿಂದ ಆಯಿಲ್, ಸುತ್ತಲಿನಿಂದ ನೀರು ಬಿಸಿಯನ್ನು ತೆಗೆಯುತ್ತಿರುವುದರಿಂದ. ಖಾಲಿ ಗಾಡಿಯಲ್ಲಿ ಪಿಕಪ್ ನೋಡಿ ಖುಷಿಪಡುವ ಕಾರಿನವರ ಟ್ಯೂನಿಂಗ್ ಬೇರೆ, ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ದುಡಿಯುವ ಲಾರಿಯ ಟ್ಯೂನಿಂಗ್ ಬೇರೆ. ಹೆಚ್ಚಾದ ಟಾರ್ಕನ್ನು ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಕೂಡ ಹೊರಬೇಕು ಅಲ್ವಾ? ಇಜಿಆರ್ ಮುಚ್ಚುವುದು, ಎಕ್ಸಾಸ್ಟ್ ಫಿಲ್ಟರ್ ಕಿತ್ತುಹಾಕುವುದು ಹಲವು ದೇಶಗಳಲ್ಲಿ ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತದೆ.

ಏನೇ ಮಾಡಿಸಿದರೂ ಮೊದಲು ಮತ್ತು ಆಮೇಲೆ ಅಳೆಯಿರಿ. ಲಾರಿಗೆ ಅದೇ ಏರು, ಅದೇ ತೂಕ, ಅದೇ ಗೇರ್, ಕೆಳಗಿನ ಒಂದು ಗುರುತಿನಿಂದ ಮೇಲಿನ ಗುರುತಿಗೆ ಎಷ್ಟು ಸೆಕೆಂಡ್. ಟ್ರ್ಯಾಕ್ಟರಿಗೆ ಪಿಟಿಒದಲ್ಲಿ (ರೋಟವೇಟರ್ ತಿರುಗಿಸುವ ಹಿಂದಿನ ಶಾಫ್ಟ್) ಪವರ್ ಅಳೆಯುವ ಡೈನಮೋಮೀಟರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಫಿಲ್ಟರ್, ನಾಝಲ್, ಟ್ಯಾಪೆಟ್ ಎಲ್ಲಾ ಒಂದೇ ದಿನ ಮುಟ್ಟಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ.

ಒಂದು ವಿಷಯ ಉಳಿಯಿತು. ನಿಮ್ಮದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್. ಪಂಪಿನ ಡೀಸೆಲ್ ಸ್ಕ್ರೂ, ಗವರ್ನರ್ ಸ್ಕ್ರೂ ಎರಡರ ಮೇಲೂ ಸೀಸದ ಸೀಲ್ ಅಥವಾ ತಂತಿ ಇರಬೇಕು. ಅದು ಹಾಗೇ ಇದೆಯಾ ನೋಡಿ. ಒಡೆದಿದ್ದರೆ ನಿಮಗಿಂತ ಮುಂಚೆಯೇ ಯಾರೋ ತಿರುಗಿಸಿದ್ದಾರೆ. ಹಾಗಿದ್ದರೆ ಅಂದಾಜಿನ ಮೇಲೆ ವಾಪಸ್ ತಿರುಗಿಸಲು ಹೋಗಬೇಡಿ. ಪಂಪು ಬಿಚ್ಚಿ ಕ್ಯಾಲಿಬ್ರೇಷನ್ ಬೆಂಚಿಗೆ ಹಾಕಿಸಿ, ಆ ಪಂಪಿನ ಚಾರ್ಟ್ ಪ್ರಕಾರ ಮೂರೂ ಎಲಿಮೆಂಟ್ ಸಮನಾಗಿ ಡೀಸೆಲ್ ಕೊಡುವ ಹಾಗೆ ಸೆಟ್ ಮಾಡಿಸಿ, ಹೊಸ ಸೀಲ್ ಹಾಕಿಸಿಕೊಂಡು ಬನ್ನಿ.